ಮಾತಿನ ಹದ: ಸರಿ ಅಂದರೆ ಯಾವುದಕ್ಕೆ ಸರಿ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು. ಒಂದು ಮಾತು, ಒಂದು ಲೆಕ್ಕ, ಒಂದು ಕೆಲಸ ‘ಸರಿ ಇದೆ’ ಅಂತ ಬರೆಯುವಾಗ ಯಾವ ಪದ ಹಾಕಬೇಕು? ವಿಜಯಪುರದ ಒಂದು ಮುದ್ರಣಾಲಯದಲ್ಲಿ 28 ವರ್ಷ ಕರಡು ತಿದ್ದಿದವಳು ನಾನು. ದಿನಾ ಬೆಳಗಾದರೆ ಈ ಪದಗಳ ಜೊತೆಗೇ ನನ್ನ ಕೆಲಸ. ಅದಕ್ಕೆ ಈ ಸಂಚಿಕೆಯ ಜಾಗವನ್ನೆಲ್ಲ ಇದೊಂದಕ್ಕೇ ಇಟ್ಟಿದ್ದೇನೆ.

ಅಕ್ಕಾರೆ, ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮಕ್ಕಳ ಪ್ರಬಂಧದ ತುಂಬ ‘ಸರಿಯಾದ’ ಅನ್ನುವ ಒಂದೇ ಪದ. ಸರಿಯಾದ ದಾರಿ, ಸರಿಯಾದ ಉತ್ತರ, ಸರಿಯಾದ ಮನುಷ್ಯ, ಸರಿಯಾದ ಬಸ್ಸು. ಬೇರೆ ಪದ ಹುಡುಕಿ ಅಂದೆ. ನಿಘಂಟು ನೋಡಿ ‘ಯಥಾರ್ಥವಾದ ಬಸ್ಸು’ ಅಂತ ಬರೆದು ತಂದರು. ಒಂದು ಪಟ್ಟಿ ಮಾಡಿ ಕೊಡುತ್ತೀರಾ? — ಶಿಕ್ಷಕಿ, ಇಂಡಿ

ಟೀಚರ್, ಬರೀ ಪದಗಳ ಪಟ್ಟಿ ಕೊಟ್ಟರೆ ಮತ್ತೆ ಅದೇ ಬಸ್ಸು ಬರುತ್ತದೆ. ಪಟ್ಟಿಯ ಬದಲು ಒಂದು ಪ್ರಶ್ನೆ ಕೊಡುತ್ತೇನೆ. ‘ಸರಿಯಾದ’ ಅಂತ ಬರೆದ ಕೂಡಲೇ ಮಗು ತನ್ನನ್ನು ಕೇಳಿಕೊಳ್ಳಲಿ: ಯಾವುದಕ್ಕೆ ಸರಿ?

ಸರಿ ಅಂದರೆ ಸಮ. ಸರಿಪಾಲು, ಸರಿಜೋಡಿ, ಸರಿಸಾಟಿ ಅಂತೀವಲ್ವಾ? ಎಲ್ಲದರಲ್ಲೂ ಎರಡು ವಸ್ತು ಇವೆ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದಾಗ ಮಾತ್ರ ಸರಿಯೋ ಅಲ್ಲವೋ ತಿಳಿಯುವುದು. ಮಕ್ಕಳು ಬರೆಯುವಾಗ ಆ ಎರಡನೆಯದನ್ನು ಮರೆತಿರುತ್ತಾರೆ. ಅದು ಸಿಕ್ಕರೆ ಪದ ತಾನಾಗಿ ಬರುತ್ತದೆ. ಅಳತೆಗೆ ಸರಿ ಇದ್ದರೆ ನಿಖರ. ಮೂಲ ಪ್ರತಿಗೆ ಸರಿ ಇದ್ದರೆ ಯಥಾವತ್ತು. ವ್ಯಾಕರಣಕ್ಕೆ ಸರಿ ಇದ್ದರೆ ಶುದ್ಧ. ನಡೆದದ್ದಕ್ಕೆ ಸರಿ ಇದ್ದರೆ ನಿಜ, ನಮ್ಮ ಕಡೆ ಬಾಯಲ್ಲಿ ಖರೆ. ಸಂದರ್ಭಕ್ಕೆ ಸರಿ ಇದ್ದರೆ ತಕ್ಕ ಮಾತು, ಸೂಕ್ತ ಮಾತು. ಅಗತ್ಯಕ್ಕೆ ಸಾಲುವಷ್ಟಿದ್ದರೆ ಸಮರ್ಪಕ. ಹೇಳಿದ ಹೊತ್ತಿಗೆ, ಕೊಟ್ಟ ಮಾತಿಗೆ ಸರಿ ಇದ್ದರೆ ಕರಾರುವಾಕ್ಕು. ಆ ಪದದೊಳಗೆ ಕರಾರು ಇದೆ ನೋಡಿ.

ಇದನ್ನು ನಾನು ಕಲಿತದ್ದು ಪುಸ್ತಕದಿಂದ ಅಲ್ಲ, ಒಂದು ಲಗ್ನಪತ್ರಿಕೆಯಿಂದ.

1994ರ ಮೇ ತಿಂಗಳು. ಕೆಲಸಕ್ಕೆ ಸೇರಿ ನನಗೆ ಮೂರನೇ ವರ್ಷ. ಅದೇ ಮುದ್ರಣಾಲಯದಲ್ಲಿ ನಮ್ಮಪ್ಪ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಒಬ್ಬರು ಮಗಳ ಮದುವೆಗೆ 800 ಕಾರ್ಡು ಮಾಡಿಸಲು ಬಂದರು. ಕೈಬರಹದಲ್ಲಿ ಕೊಟ್ಟದ್ದು ‘ತಾ. 15-5-1994ನೇ ಸೋಮವಾರ’. ಅಪ್ಪ ಹಾಗೇ ಜೋಡಿಸಿದರು. ನಾನು ಕರಡನ್ನು ಅವರ ಹಾಳೆಯ ಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ನೋಡಿದೆ. ಒಂದು ಕೊಂಬೂ ತಪ್ಪಿರಲಿಲ್ಲ. ಕೆಳಗೆ ‘ಸರಿ ಇದೆ’ ಅಂತ ಬರೆದು ಸಹಿ ಹಾಕಿದೆ. ಅಚ್ಚಾಯಿತು. 300 ಕಾರ್ಡು ಹಂಚಿದ ಮೇಲೆ ಹುಡುಗಿಯ ಸೋದರಮಾವ ಗೋಡೆಯ ಕ್ಯಾಲೆಂಡರ್ ನೋಡಿದರು. 15ನೇ ತಾರೀಖು ಭಾನುವಾರ. ಮದುವೆ ಇದ್ದದ್ದು ಸೋಮವಾರ, 16ಕ್ಕೆ.

ಹುಡುಗಿಯ ತಂದೆ ಅದೇ ಕರಡು ಹಿಡಿದುಕೊಂಡು ಬಂದರು. ನನ್ನ ಸಹಿಯ ಮೇಲೆ ಬೆರಳಿಟ್ಟು, ‘ಸರಿ ಇದೆ ಅಂತ ನೀವೇ ಬರೆದೀರಲ್ಲ ತಂಗಿ’ ಅಂದರು. ಸಿಟ್ಟಿನಿಂದ ಅಲ್ಲ, ದಣಿದ ದನಿಯಲ್ಲಿ. ಅದು ಇವತ್ತಿಗೂ ಕಿವಿಯಲ್ಲಿದೆ. ನಾನು ಬರೆದದ್ದು ‘ನೀವು ಕೊಟ್ಟ ಹಾಳೆಗೆ ಸರಿ ಇದೆ’ ಅಂತ. ಅವರು ಓದಿಕೊಂಡದ್ದು ‘ಪಂಚಾಂಗಕ್ಕೆ ಸರಿ ಇದೆ’ ಅಂತ. ಪದ ಒಂದೇ, ಪಕ್ಕದಲ್ಲಿಟ್ಟ ವಸ್ತು ಬೇರೆ.

ಆ ರಾತ್ರಿ ಅಪ್ಪ ‘16’ ಅಂತ ಕಾಳಿನಷ್ಟು ಸಣ್ಣ ಚೀಟಿಗಳನ್ನು ಅಚ್ಚು ಹಾಕಿದರು. ನಾನು ಕತ್ತರಿಸಿ, ಮೈದಾ ಅಂಟು ಹಚ್ಚಿ, ಉಳಿದ 500 ಕಾರ್ಡಿಗೆ ಒಂದೊಂದಾಗಿ ಅಂಟಿಸಿದೆ. ಹಂಚಿದ 300 ಮನೆಗೆ ಅವರ ಹುಡುಗರು ಸೈಕಲ್ ಮೇಲೆ ಮತ್ತೆ ಹೋದರು. ಮರುದಿನದಿಂದ ನಾನು ಕರಡಿನ ಕೆಳಗೆ ಎರಡು ಸಾಲು ಬರೆಯತೊಡಗಿದೆ. ಒಂದು, ‘ಮೂಲದಂತೆ ಇದೆ’. ಎರಡು, ‘ತಾರೀಖು–ವಾರ ತಾಳೆ ನೋಡಿದೆ’. ನಿವೃತ್ತಿಯ ದಿನದವರೆಗೂ ‘ಸರಿ ಇದೆ’ ಅಂತ ಒಂಟಿಯಾಗಿ ಬರೆಯಲಿಲ್ಲ.

ನಿಮ್ಮ ಮಕ್ಕಳಿಗೆ ಇದನ್ನೇ ಮಾಡಿಸಿ. ‘ಸರಿಯಾದ’ ಬಂದಲ್ಲೆಲ್ಲ ಅದನ್ನು ಹೊಡೆದು, ಯಾವುದಕ್ಕೆ ಅನ್ನುವುದನ್ನು ಮೇಲೆ ಬರೆಯಲಿ. ‘ಸರಿಯಾದ ಬಸ್ಸು’ ಹೋಗಿ ‘ನಮ್ಮೂರಿಗೆ ಹೋಗುವ ಬಸ್ಸು’ ಬರುತ್ತದೆ. ಅಲ್ಲಿಗೆ ಇನ್ನೊಂದು ಪದ ಹುಡುಕುವ ಕೆಲಸವೇ ಉಳಿಯುವುದಿಲ್ಲ.

‘ದರ್ಜಿ ಹೊಲಿದ ಅಂಗಿ ನನಗೆ ಬರೋಬ್ಬರಿ ಆಯಿತು’ ಅಂತ ಪರೀಕ್ಷೆಯಲ್ಲಿ ಬರೆದೆ. ಗ್ರಾಮ್ಯ ಪದ ಅಂತ ಕೆಂಪು ಗೆರೆ ಎಳೆದಿದ್ದಾರೆ. ಟಿವಿಯವರು ದಿನಾ ‘ಬರೋಬ್ಬರಿ 50 ಕೋಟಿ’ ಅಂತಾರಲ್ಲ, ಅದು ನಡೆಯುತ್ತದಾ? — ಬಿ.ಎ. ವಿದ್ಯಾರ್ಥಿ, ರಾಮದುರ್ಗ

ತಮ್ಮಾ, ನಿನ್ನ ವಾಕ್ಯ ನನಗೆ ಇಷ್ಟವಾಯಿತು. ಟಿವಿಯವರ ವಾಕ್ಯಕ್ಕಿಂತ ನಿನ್ನದೇ ಪದದ ಹುಟ್ಟಿಗೆ ಹತ್ತಿರ ಇದೆ.

ಬರೋಬ್ಬರಿ ಬಂದದ್ದು ಪಾರಸಿಯ ‘ಬರಾಬರ್’ನಿಂದ. ಅರ್ಥ ಸಮ, ಸಮಾನ. ಮರಾಠಿಯಲ್ಲಿ ಅದು ‘ಬರೋಬರ್’. ನಮ್ಮ ಈ ಸೀಮೆ ಆದಿಲಶಾಹಿಗಳ ಕೈಯಲ್ಲಿ 1490ರಿಂದ 1686ರವರೆಗೆ ಇತ್ತು. ಪಕ್ಕದಲ್ಲೇ ಮರಾಠಿ. ದಫ್ತರದಿಂದ, ಸಂತೆಯಿಂದ, ದರ್ಜಿ ಅಂಗಡಿಯಿಂದ ಇಂಥ ಪದಗಳು ಮನೆಯೊಳಗೆ ಬಂದು ಕೂತವು. ಈಗ ನೋಡು: ನಮ್ಮ ‘ಸರಿ’ಯ ಬೇರೂ ಸಮ, ‘ಬರೋಬ್ಬರಿ’ಯ ಬೇರೂ ಸಮ. ಎರಡು ಬೇರೆ ಬೇರೆ ಭಾಷೆಯವರು ಒಂದೇ ರೀತಿ ಯೋಚನೆ ಮಾಡಿದ್ದಾರೆ. ಇದನ್ನು ಮೊದಲು ಗಮನಿಸಿದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಅಂಗಿ ಮೈಗೆ ಸಮನಾಗಿ ಕೂತರೆ ಬರೋಬ್ಬರಿ. ಚಿಲ್ಲರೆ ಎಣಿಸಿ ‘ಬರೋಬ್ಬರಿ ಐತಿ’ ಅಂದರೆ ಲೆಕ್ಕ ತಾಳೆಯಾಗಿದೆ ಅಂತ. ಟಿವಿಯ ‘ಬರೋಬ್ಬರಿ 50 ಕೋಟಿ’ಯಲ್ಲಿ ಸಮ ಅನ್ನುವುದು ಕರಗಿ ‘ಅಬ್ಬಾ, ಅಷ್ಟೊಂದು’ ಅನ್ನುವ ಬೆರಗು ಉಳಿದಿದೆ. ಪದ ಹಾಗೆ ಬದಲಾಗುವುದು ತಪ್ಪಲ್ಲ. ಆದರೆ ನಮ್ಮ ಜಿಲ್ಲೆಯ ಓದುಗ ‘ಬರೋಬ್ಬರಿ 50 ಕೋಟಿ’ ಓದಿದರೆ, ಒಂದು ರೂಪಾಯಿ ಹೆಚ್ಚಿಲ್ಲ ಕಮ್ಮಿ ಇಲ್ಲ ಅಂತ ತಿಳಿಯಬಹುದು. ಬರೆಯುವವರು ಅದನ್ನು ನೆನಪಿಡಬೇಕು.

ಪರೀಕ್ಷೆಯ ಮಾತು: ಕಥೆಯಲ್ಲಿ, ಅನುಭವದ ಬರಹದಲ್ಲಿ ಧೈರ್ಯವಾಗಿ ಬಳಸು. ಅರ್ಜಿಯಲ್ಲಿ, ವರದಿಯಲ್ಲಿ ‘ಸರಿಯಾಗಿ’ ಅನ್ನು. ಅಂಗಿಯ ಬಗ್ಗೆ ಬರೆಯುವಾಗ ಬರೋಬ್ಬರಿಗಿಂತ ಬರೋಬ್ಬರಿ ಪದ ನನಗೆ ಗೊತ್ತಿಲ್ಲ. ನಿನ್ನ ಗುರುಗಳಿಗೂ ವಿನಯದಿಂದ ಇದನ್ನು ಹೇಳಬಹುದು.

‘ನಿಕರ ಮಾಹಿತಿ’ ಸರಿಯೋ ‘ನಿಖರ ಮಾಹಿತಿ’ ಸರಿಯೋ? ಎರಡೂ ಬರುತ್ತವೆ, ನಾನು ಎರಡನ್ನೂ ಟೈಪ್ ಮಾಡುತ್ತೇನೆ. — ಡಿಟಿಪಿ ಕೆಲಸದವರು, ಸಿಂದಗಿ

ನಿಖರ. ಮಹಾಪ್ರಾಣದ ಖ. ನಿಕರ ಅಂದರೆ ಗುಂಪು, ರಾಶಿ. ಮೂಲದಲ್ಲಿ ಕ ಇದ್ದರೆ ಸುಮ್ನೆ ಟೈಪ್ ಮಾಡಬೇಡಿ, ತಂದವರಿಗೆ ಒಮ್ಮೆ ತೋರಿಸಿ.

ನಾನು 1995ರಲ್ಲಿ ಬಾಗಲಕೋಟೆಯಲ್ಲಿ ಹುಟ್ಟಿದವಳು. ಜನನ ಪ್ರಮಾಣಪತ್ರದಲ್ಲಿ ಜಿಲ್ಲೆ ‘ಬಿಜಾಪುರ’ ಅಂತ ಇದೆ. ನೌಕರಿ ಅರ್ಜಿಯಲ್ಲಿ ಹುಟ್ಟಿದ ಜಿಲ್ಲೆ ‘ಬಾಗಲಕೋಟೆ’ ಅಂತ ತುಂಬಿದೆ. ಕೆಳಗೆ ‘ಮೇಲಿನ ವಿವರಗಳು ಸತ್ಯ ಮತ್ತು ಸರಿಯಾಗಿವೆ’ ಅಂತ ಸಹಿ ಹಾಕಬೇಕು. ಕೈ ನಡುಗಿತು ಅಕ್ಕಾ. ಸತ್ಯ, ಸರಿ ಎರಡೂ ಯಾಕೆ? ಒಂದು ಸಾಲದಾ? — ಬಾಗಲಕೋಟೆಯ ಓದುಗಿ

ಕೈ ನಡುಗಿದ್ದು ಒಳ್ಳೆಯದೇ ತಂಗಿ. ಆ ಸಾಲನ್ನು ಓದಿ ಸಹಿ ಹಾಕುವವರೇ ಕಡಿಮೆ.

ಸತ್ಯ ಅಂದರೆ ನೀನು ಸುಳ್ಳು ಹೇಳಿಲ್ಲ ಅಂತ. ಸರಿ ಅಂದರೆ ನೀನು ತಪ್ಪು ಬರೆದಿಲ್ಲ ಅಂತ. ಮೊದಲನೆಯದು ಮನಸ್ಸಿನ ಮಾತು, ಎರಡನೆಯದು ಕೈಯ ಮಾತು. ಪ್ರಾಮಾಣಿಕವಾಗಿ ಬರೆಯುತ್ತಲೇ 1995ರ ಬದಲು 1959 ಅಂತ ಬರೆದುಬಿಡಬಹುದು. ಅಲ್ಲಿ ಸುಳ್ಳಿಲ್ಲ, ತಪ್ಪಿದೆ. ಅದಕ್ಕೇ ಎರಡು ಪದ.

ನಿನ್ನ ವಿಷಯದಲ್ಲಿ ತೊಡಕು ಇತಿಹಾಸದ್ದು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನೀನು ಹುಟ್ಟಿದಾಗ ಅದು ಬಿಜಾಪುರ ಜಿಲ್ಲೆಯೊಳಗಿನ ಊರು. ಆ ಬಿಜಾಪುರ ವಿಜಯಪುರ ಆದದ್ದು 2014ರ ನವೆಂಬರ್ 1ರಂದು. ಹುಟ್ಟಿದ ದಿನಕ್ಕೆ ಸರಿ ಬೇಕಾದರೆ ಬಿಜಾಪುರ. ಇವತ್ತಿನ ನಕಾಶೆಗೆ ಸರಿ ಬೇಕಾದರೆ ಬಾಗಲಕೋಟೆ. ನೀನು ಬರೆದದ್ದು ಸುಳ್ಳಲ್ಲ. ಆದರೆ ದಾಖಲೆ ಜೊತೆ ತಾಳೆ ನೋಡುವವರಿಗೆ ಅದು ಹೊಂದುವುದಿಲ್ಲ. ಜಾಗ ಇದ್ದರೆ ‘ಬಿಜಾಪುರ (ಈಗಿನ ಬಾಗಲಕೋಟೆ) ಜಿಲ್ಲೆ’ ಅಂತ ಬರೆ. ಜಾಗ ಇಲ್ಲದಿದ್ದರೆ ಯಾವ ಪ್ರಮಾಣಪತ್ರ ಲಗತ್ತಿಸುತ್ತೀಯೋ ಅದರಲ್ಲಿ ಇದ್ದಂತೆ ಬರೆ. ಅರ್ಜಿ ಕೊಡುವ ಮುಂಚೆ ಆ ಕಚೇರಿಯಲ್ಲಿ ಒಮ್ಮೆ ಕೇಳಿಬಿಡು.

‘ಆಲಮಟ್ಟಿ ಜಲಾಶಯದ ನೀರಿನ ಮಟ್ಟ ಸುಮಾರು 519.60 ಮೀಟರ್ ತಲುಪಿದೆ’ ಅಂತ ಬರೆದಿದ್ದೆ. ಸಂಪಾದಕರು ‘ಸುಮಾರು’ ತೆಗೆದರು. ‘ನಿಖರವಾಗಿ’ ಸೇರಿಸಿದೆ. ಅದನ್ನೂ ತೆಗೆದರು. ‘ಖಚಿತವಾಗಿ’ ಹಾಕಲಾ? — ಹೊಸ ವರದಿಗಾರ, ನಿಡಗುಂದಿ

ಬೇಡ. ಸಂಪಾದಕರು ಮಾಡಿದ್ದು ಚೆನ್ನಾಗಿದೆ.

ಚುಕ್ಕೆಯ ಮುಂದೆ ಎರಡು ಅಂಕಿ ಬರೆದಿರಿ ಅಂದರೆ ಸೆಂಟಿಮೀಟರ್‌ವರೆಗೆ ಅಳೆದಿದ್ದೇನೆ ಅಂದ ಹಾಗೆ. ಅದರ ಹಿಂದೆಯೇ ಸುಮಾರು ಬಂದರೆ ಎರಡೂ ಜಗಳಕ್ಕೆ ಬೀಳುತ್ತವೆ. ಹಾಗಂತ ಸುಮಾರು 520 ಅಂದರೆ ಇನ್ನೂ ಕಷ್ಟ. ಜಲಾಶಯದ ಗರಿಷ್ಠ ಮಟ್ಟವೇ 519.60. ನೀವು ಸುಮ್ನೆ ದುಂಡಗೆ ಮಾಡಿದ 40 ಸೆಂಟಿಮೀಟರ್, ನದಿ ದಂಡೆಯ ಊರಿನವರ ಎದೆ ಬಡಿತ ಹೆಚ್ಚಿಸುತ್ತದೆ. ಸುಮಾರು ಬೇಕೇ ಬೇಕು ಅಂದರೆ ಸಂಗ್ರಹಕ್ಕೆ ಹಾಕಿ: ಭರ್ತಿಯಾದಾಗ ಸುಮಾರು 123 ಟಿಎಂಸಿ ಅಡಿ. ಅಲ್ಲಿ ಅದು ಸಲ್ಲುತ್ತದೆ.

‘ನಿಖರವಾಗಿ’ ಯಾಕೆ ಬೇಡ? ಅಂಕಿಯೇ ಆ ಕೆಲಸ ಮಾಡಿದೆ. ‘ಖಚಿತ’ದ ಜಾಗವೇ ಬೇರೆ. ರತ್ನಖಚಿತ ಕಿರೀಟ ಅಂತೀವಲ್ಲ, ಅಲ್ಲಿ ಖಚಿತ ಅಂದರೆ ಕೂರಿಸಿದ್ದು, ಕೆತ್ತಿ ಅಳವಡಿಸಿದ್ದು. ಅಲುಗಾಡುವುದಿಲ್ಲ ಅನ್ನುವ ಅರ್ಥ ಅಲ್ಲಿಂದ ಬಂತು. ಅದು ಹೇಳುವವರ ಮನಸ್ಸಿನ ಗಟ್ಟಿತನ. ಒಂದು ಪರೀಕ್ಷೆ ಹೇಳುತ್ತೇನೆ. ‘ಅವನು ಖಚಿತವಾಗಿ ಹೇಳಿದ, ಆದರೆ ತಪ್ಪು ಹೇಳಿದ’ ಅನ್ನಬಹುದು. ‘ನಿಖರವಾಗಿ ಹೇಳಿದ, ಆದರೆ ತಪ್ಪು ಹೇಳಿದ’ ಅಂದರೆ ಕಿವಿ ಒಪ್ಪುವುದಿಲ್ಲ. ನೀರಿನ ಮಟ್ಟ ನಿಖರ ಇರಬೇಕು. ಗೇಟು ತೆರೆಯುವ ದಿನ ಖಚಿತವಾಗಬೇಕು.

ಕಬ್ಬಿನ ಟ್ರ್ಯಾಕ್ಟರ್ ಹೊರಗಿನ ಕಾಟಾದಲ್ಲಿ ತೂಗಿಸಿದರೆ ಕಬ್ಬು 18 ಟನ್ 400 ಕೆಜಿ. ಕಾರ್ಖಾನೆಯಲ್ಲಿ 17 ಟನ್ 650. ದೂರು ಬರೆದೆ: ‘ನಿಮ್ಮ ಕಾಟಾ ಸುಳ್ಳು. ಇದು ಶುದ್ಧ ಮೋಸ, ಅನ್ಯಾಯ.’ ಮಗ ಇದನ್ನು ಕೊಡಬೇಡಿ, ‘ಅಸಮರ್ಪಕ’ ಅಂತ ಬರೆಯಿರಿ ಅಂತಾನೆ. ಯಾವುದು ಬರೆಯಲಿ? — ರೈತ, ಅಥಣಿ ತಾಲ್ಲೂಕು

ಕಾಕಾ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 750 ಕೆಜಿ ಸಣ್ಣದಲ್ಲ. ಒಂದು ವರ್ಷದ ಬೆವರು ಅದು. ಅದಕ್ಕೇ ಪದವನ್ನು ಎಚ್ಚರದಿಂದ ಆರಿಸೋಣ. ಒಂದೊಂದು ಪದವೂ ಒಂದೊಂದು ಆರೋಪ. ಹೊರಿಸಿದ ಮೇಲೆ ಅದನ್ನು ನೀವೇ ಸಾಬೀತು ಮಾಡಬೇಕಾಗುತ್ತದೆ.

ಸುಳ್ಳು, ಮೋಸ ಅಂದರೆ ಯಾರೋ ಬೇಕಂತಲೇ ಮಾಡಿದ್ದಾರೆ ಅಂತ. ಅವರ ಮನಸ್ಸಿನಲ್ಲಿ ಏನಿತ್ತು ಅಂತ ನಿಮ್ಮ ಹತ್ತಿರ ಪುರಾವೆ ಇಲ್ಲ. ಅವರು ಆ ಒಂದು ಪದ ಹಿಡಿದುಕೊಂಡು ಉಳಿದದ್ದನ್ನೆಲ್ಲ ಪಕ್ಕಕ್ಕೆ ಸರಿಸುತ್ತಾರೆ. ಅಸಮರ್ಪಕ ಅಂದರೆ ಸಾಲದು ಅಂತ. ರಸ್ತೆ ಅಸಮರ್ಪಕ, ಕುಡಿಯುವ ನೀರಿನ ಪೂರೈಕೆ ಅಸಮರ್ಪಕ. ತೂಕಕ್ಕೆ ಅದು ಹೊಂದುವುದಿಲ್ಲ. ಮಗನಿಗೆ ಪದ ಮೆತ್ತಗೆ ಕೇಳಿಸಿದೆ, ಅಷ್ಟೇ.

‘ತಪ್ಪು’ ಪರವಾಗಿಲ್ಲ. ತಪ್ಪು ಅಂದರೆ ಮೊದಲಿಗೆ ಜಾರಿ ಹೋಗುವುದು, ಸಿಗದೆ ಹೋಗುವುದು. ಬಸ್ಸು ತಪ್ಪಿತು, ದಾರಿ ತಪ್ಪಿತು, ಗುರಿ ತಪ್ಪಿತು. ಅದರಲ್ಲಿ ಕೆಟ್ಟ ಮನಸ್ಸಿನ ಮಾತೇ ಇಲ್ಲ. ಆದರೆ ‘ನಿಮ್ಮ ತೂಕ ತಪ್ಪು’ ಅಂದರೂ, ಹೊರಗಿನ ಕಾಟಾ ಸರಿ ಇದೆ ಅಂತ ನೀವು ತೋರಿಸಬೇಕು.

ನನ್ನ ಕೇಳಿದರೆ ‘ವ್ಯತ್ಯಾಸ’ ಅಂತ ಬರೆಯಿರಿ. ನೋಡಲು ಬಡವಾದ ಪದ. ಆದರೆ ಅದನ್ನು ಅಲ್ಲಗಳೆಯಲು ಯಾರಿಗೂ ಆಗುವುದಿಲ್ಲ. ಹೀಗೆ: ‘ಇಂಥ ದಿನ ಇಷ್ಟು ಗಂಟೆಗೆ ಹೊರಗಿನ ಕಾಟಾದಲ್ಲಿ ಕಬ್ಬಿನ ತೂಕ 18,400 ಕೆಜಿ. ಅದೇ ದಿನ ಇಷ್ಟು ಗಂಟೆಗೆ ತಮ್ಮ ಕಾಟಾದಲ್ಲಿ 17,650 ಕೆಜಿ. ವ್ಯತ್ಯಾಸ 750 ಕೆಜಿ. ಎರಡೂ ಚೀಟಿಗಳನ್ನು ಲಗತ್ತಿಸಿದ್ದೇನೆ.’ ಗಂಟೆ ಬಿಡಬೇಡಿ. ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಇಳಿಯುತ್ತದೆ. ಎರಡು ತೂಕದ ನಡುವೆ ಹೆಚ್ಚು ಹೊತ್ತು ಹೋಗಿಲ್ಲ ಅಂತ ನೀವೇ ಮೊದಲು ತೋರಿಸಿದರೆ, ಆ ಮಾತು ಅವರ ಬಾಯಿಗೆ ಬರುವುದಿಲ್ಲ. ಕೊನೆಗೆ, ಕಾಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದದ್ದು ಯಾವ ತಾರೀಖಿಗೆ ಅಂತ ಕೇಳಿ. ಬೇಕಾದರೆ ಅದೇ ಅರ್ಜಿಯ ಪ್ರತಿಯನ್ನು ಆ ಇಲಾಖೆಗೂ ಕೊಡಿ.

ಇನ್ನೊಂದು ಮಾತು. ‘ಮೂರು ಸಲ ತೂಗಿದರೂ ಅಷ್ಟೇ ಬಂತು, ಹಾಗಾಗಿ ಸರಿ ಇದೆ’ ಅಂತ ಅವರು ಹೇಳಬಹುದು. ಅದು ಉತ್ತರ ಅಲ್ಲ. ನಮ್ಮ ಓಣಿಯ ಒಂದು ಉಳ್ಳಾಗಡ್ಡಿ ಅಂಗಡಿಯ ತಕ್ಕಡಿ ಕಿಲೋಗೆ 50 ಗ್ರಾಂ ಕಮ್ಮಿ ಕೊಡುತ್ತಿತ್ತು. ಹತ್ತು ಸಲ ತೂಗಿದರೆ ಹತ್ತು ಸಲವೂ ಅದೇ 50 ಗ್ರಾಂ. ಅದಕ್ಕೆ ಸ್ಥಿರ ಅನ್ನಬೇಕು, ಸರಿ ಅನ್ನಬಾರದು. ಸರಿ ಅನ್ನಲು ಪಕ್ಕದಲ್ಲಿ ಮುದ್ರೆ ಬಿದ್ದ ತೂಕದ ಕಲ್ಲು ಇರಬೇಕು. ತನಗೆ ತಾನೇ ಸರಿ ಅನ್ನುವುದು ಯಾವ ತಕ್ಕಡಿಗೂ ಸಾಧ್ಯವಿಲ್ಲ.

ಜೋಳದ ರೊಟ್ಟಿ ಮಾಡುವ ವಿಧಾನ ಬರೆಯುತ್ತಿದ್ದೇನೆ. ‘ಸರಿಯಾದ ಪ್ರಮಾಣದಲ್ಲಿ ನೀರು ಹಾಕಿ’ ಅಂತ ಬರೆದರೆ ಬೆಂಗಳೂರಿನ ಸೊಸೆ ‘ಅತ್ತೆ, ಎಷ್ಟು ಅಂತ ಹೇಳಿ’ ಅಂತಾಳೆ. ಎಷ್ಟು ಅಂತ ನನಗೂ ಗೊತ್ತಿಲ್ಲ, ಕೈಗೆ ಗೊತ್ತು. — ಗೃಹಿಣಿ, ಗೋಕಾಕ

ಕೈಗೆ ಗೊತ್ತಿರುವ ಸರಿಗೆ ಕನ್ನಡದಲ್ಲಿ ಅಪರೂಪದ ಪದ ಇದೆ: ಹದ. ಹಿಟ್ಟಿನ ಹದ, ಪಾಕದ ಹದ, ಬಿತ್ತುವ ಭೂಮಿಯ ಹದ. ಅಂಕಿಗೆ ಸಿಗದ, ಆದರೆ ಎಂದೂ ಅಂದಾಜಲ್ಲದ ಸರಿ ಅದು. ನನ್ನ ಮಟ್ಟಿಗೆ ಈ ಇಡೀ ಸಾಲಿನಲ್ಲಿ ಅತಿ ಚೆಂದದ ಪದ. ಈ ಅಂಕಣಕ್ಕೂ ಅದೇ ಹೆಸರು ಇಟ್ಟುಕೊಂಡೆ.

ಸೊಸೆ ಕೇಳಿದ್ದೂ ನ್ಯಾಯವೇ. ನೀರಿನ ಅಳತೆ ಹೇಳಿದರೆ ಹಿಟ್ಟು ಬದಲಾದಾಗ ಕೆಡುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ. ಅದಕ್ಕೆ ಹದದ ಗುರುತು ಬರೆದು ಕೊಡಿ. ‘ಹಿಟ್ಟಿನ ನಡುವೆ ಗುಂಡಿ ಮಾಡಿ. ಕುದಿಯುವ ಎಸರು ಸ್ವಲ್ಪ ಸ್ವಲ್ಪ ಹಾಕಿ ಸೌಟಿನ ಹಿಡಿಯಿಂದ ಕಲಸಿ. ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ತಿಕ್ಕಿ ನಾದಿ. ಒಂದು ಉಂಡೆ ಮಾಡಿ ಹೆಬ್ಬೆರಳಿಂದ ಒತ್ತಿ. ಅಂಚು ಬಿರಿಯಿತೋ, ಇನ್ನೂ ನೀರು ಮುಟ್ಟಿಸಿ ನಾದಿ. ಕೈಗೆ ಹತ್ತಿತೋ, ಒಣ ಹಿಟ್ಟು ಸೇರಿಸಿ. ಎರಡೂ ಆಗದಿದ್ದರೆ ಬಡಿಯಲು ಕೂತುಕೊಳ್ಳಿ.’ ಇಲ್ಲಿ ‘ಸರಿಯಾದ’ ಅನ್ನುವ ಪದವೇ ಇಲ್ಲ. ಸೊಸೆಗೆ ರೊಟ್ಟಿ ಬರುತ್ತದೆ.

ಅಜ್ಜಿಯ ಬೀಸುಕಲ್ಲಿನ ಪದಗಳ (ಹಾಡುಗಳ) ನೋಟ್‌ಬುಕ್ ಸಿಕ್ಕಿದೆ. ಆಡಿದಂತೆ ಬರೆದಿದ್ದಾಳೆ, ‘ಹ್ವಾದ’, ‘ಬಂದಾಳ’, ‘ಹೊಳಿ’. ಕಾಗುಣಿತ ತಿದ್ದಿ ‘ಶುದ್ಧಪ್ರತಿ’ ಅಂತ ಮಾಡಿ ಅಚ್ಚು ಹಾಕಿಸಲಾ? — ಓದುಗ, ಜಮಖಂಡಿ

ದಯವಿಟ್ಟು ತಿದ್ದಬೇಡಿ. ನಿಮ್ಮಜ್ಜಿ ಬರೆದದ್ದು ಅಶುದ್ಧ ಅಲ್ಲ. ಅದು ಅವರ ನಾಲಿಗೆಗೆ ಸರಿ ಇದೆ. ‘ಹೊಳಿ’ಯನ್ನು ‘ಹೊಳೆ’ ಮಾಡಿದರೆ ಪ್ರಾಸ ಮುರಿಯಬಹುದು, ಕಲ್ಲು ತಿರುಗುವ ಲಯವೂ ಹೋಗಬಹುದು.

ನಮ್ಮ ವಿಜಯಪುರದಲ್ಲೇ ಫ.ಗು. ಹಳಕಟ್ಟಿಯವರು ಊರೂರು, ಮನೆಮನೆ ತಿರುಗಿ ವಚನಗಳ ತಾಳೆಗರಿ ಕಟ್ಟುಗಳನ್ನು ಕೂಡಿಸಿದರು. ಅಚ್ಚು ಹಾಕಲು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಕಟ್ಟಿದರು, ಅದಕ್ಕಾಗಿ ಸ್ವಂತ ಮನೆ ಮಾರಿದರು. ಒಂದೇ ವಚನ ಒಂದು ಗರಿಯಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇರುತ್ತದೆ. ಇಂಥ ಕೆಲಸ ಮಾಡುವವರಿಗೆ ‘ಶುದ್ಧ’ ಅಂದರೆ ನಮ್ಮ ಇಷ್ಟದಂತೆ ತೊಳೆದದ್ದು ಅಲ್ಲ. ಪ್ರತಿಗಳನ್ನು ಪಕ್ಕ ಪಕ್ಕ ಇಟ್ಟು, ಹೇಳಿದವರ ಮಾತಿಗೆ ಯಾವುದು ಹತ್ತಿರ ಅಂತ ಹುಡುಕಿದ್ದು. ಬಿಟ್ಟ ರೂಪವನ್ನೂ ಪಾಠಾಂತರ ಅಂತ ಅಡಿಯಲ್ಲಿ ಕೊಡುತ್ತಾರೆ, ಎಸೆಯುವುದಿಲ್ಲ.

ನಿಮ್ಮ ಪುಸ್ತಕದ ಮೇಲೆ ‘ಅಜ್ಜಿ ಬರೆದಂತೆ’ ಅಂತ ಹಾಕಿ. ತಿಳಿಯದ ಪದಕ್ಕೆ ಕೆಳಗೆ ಅರ್ಥ ಕೊಡಿ. ಹಳೆಯ ಪುಸ್ತಕಗಳ ಕೊನೆಗೆ ತಪ್ಪು–ಒಪ್ಪು ಅಂತ ಎರಡು ಸಾಲಿನ ಪಟ್ಟಿ ಇರುತ್ತಿತ್ತು, ನೋಡಿರಬಹುದು. ತಪ್ಪಿಗೆ ಎದುರು ಅವರು ‘ಒಪ್ಪು’ ಅಂತ ಬರೆಯುತ್ತಿದ್ದರು. ಚೆಲುವಿಗೂ ಒಪ್ಪಿಗೆಗೂ ಅದೇ ಪದ. ಅಜ್ಜಿಯ ‘ಹ್ವಾದ’ ಆ ಹಾಡಿಗೆ ಒಪ್ಪುತ್ತದೆ.

ಅಪ್ಪ ತೀರಿಕೊಂಡು ವರ್ಷವಾಯಿತು. ನೆನಪಿಗೆ ನಾಲ್ಕು ಪುಟ ಬರೆಯುತ್ತಿದ್ದೇನೆ. ‘ಅಪ್ಪನ ಕೆಲಸ ಪರಿಪೂರ್ಣ, ನಿಖರ, ದೋಷರಹಿತ’ ಅಂತ ಬರೆದೆ. ಓದಿದರೆ ಅಪ್ಪ ಕಾಣಿಸುತ್ತಿಲ್ಲ ಅಕ್ಕಾ. ಅವರು ಖಣ ನೇಯುತ್ತಿದ್ದರು. ಒಂದು ಎಳೆ ಕಡಿದದ್ದು ತಡವಾಗಿ ಗೊತ್ತಾದರೆ ಅಲ್ಲಿಯವರೆಗೂ ಬಿಚ್ಚುತ್ತಿದ್ದರು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಇದಕ್ಕೆ ತಕ್ಕ ಪದ ಯಾವುದು? — ಓದುಗಿ, ಗುಳೇದಗುಡ್ಡ

ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಮೂರು ಪದದಲ್ಲಿ ನಿಮ್ಮಪ್ಪ ನನಗೂ ಕಾಣಲಿಲ್ಲ. ‘ಅಲ್ಲಿಯವರೆಗೂ ಬಿಚ್ಚುತ್ತಿದ್ದರು’ ಅನ್ನುವಲ್ಲಿ ಕಂಡರು. ತಣ್ಣಗಾಗುತ್ತಿರುವ ತಾಟು ಕಂಡಿತು, ಮಗ್ಗದ ಮುಂದೆ ಬಾಗಿದ ಬೆನ್ನು ಕಂಡಿತು.

ಪರಿಪೂರ್ಣ, ದೋಷರಹಿತ ಅನ್ನುವವು ಮುಗಿದ ವಸ್ತುವಿನ ಪದಗಳು. ಅಂಗಡಿಯಲ್ಲಿ ಕೊಳ್ಳುವವರು ಹೇಳುವಂಥವು. ನೇಯುವವರಿಗೆ ಕಾಣುವುದು ಎಳೆ. ಒಂದು ಪದ ಇರಲೇಬೇಕು ಅನ್ನಿಸಿದರೆ ‘ಅಚ್ಚುಕಟ್ಟು’ ಇಡು. ಅದರಲ್ಲಿ ಕೈಕೆಲಸದ ವಾಸನೆ ಇದೆ. ಆದರೆ ನನ್ನ ಆಸೆ ಬೇರೆ. ಆ ಮೂರನ್ನೂ ಹೊಡೆದು ಹಾಕಿ, ನನಗೆ ಬರೆದ ಆ ಎರಡು ವಾಕ್ಯಗಳನ್ನು ಹಾಗೇ ನಿನ್ನ ಪುಟಕ್ಕೆ ಎತ್ತಿಕೋ. ಆಮೇಲೆ ಅಮ್ಮನ ಹತ್ತಿರ ಕೂತು ಕೇಳು. ಕಡಿದ ಎಳೆ ಕಂಡಾಗ ಅಪ್ಪ ಏನಾದರೂ ಅನ್ನುತ್ತಿದ್ದರಾ, ಸುಮ್ಮನೆ ಇರುತ್ತಿದ್ದರಾ? ಗಂಟು ಹಾಕಿ ಮುಗಿದ ಮೇಲೆ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರಾ, ಬೆರಳಿಂದ ಸವರಿ ನೋಡುತ್ತಿದ್ದರಾ? ಸಮಾಧಾನವಾದಾಗ ಅವರ ಬಾಯಿಂದ ಬರುತ್ತಿದ್ದ ಪದ ಯಾವುದು? ‘ಹೂಂ’ ಅಂತ ಇದ್ದರೂ ಅದನ್ನೇ ಬರೆ.

ಪುಟ ಮುಗಿದ ಮೇಲೆ ಒಂದು ಪ್ರತಿ ನನಗೂ ಕಳಿಸು. ಓದಲು ಕಾಯುತ್ತಿರುತ್ತೇನೆ.